ಆ ಕಂಬಳಿಗಳನ್ನು ಮಡಚಿಟ್ಟವಳು

ಚಳಿ ಶುರುವಾಯಿತೆಂದು ಕಳೆದ ವಾರ ಮಂಚದಡಿಯ ಸೂಟ್‌ಕೇಸ್ ಎಳೆದು ಕಂಬಳಿ ಹೊರಗೆ ತೆಗೆದೆ. ಮುಚ್ಚಳ ತೆರೆದದ್ದೇ ತಡ, ನುಸಿಗುಳಿಗೆಯ ವಾಸನೆ ಇಡೀ ಕೋಣೆಗೆ ಹರಡಿತು. ಟೀವಿ ನೋಡುತ್ತಿದ್ದ ನನ್ನ ಗಂಡ ಮೂಗು ಮುಚ್ಚಿಕೊಂಡು, "ಈ ಕಾಲದಲ್ಲಿ ಯಾರು ನುಸಿಗುಳಿಗೆ ಹಾಕ್ತಾರೆ ಮಾರಾಯ್ತಿ?" ಎಂದರು. ಬಹರೈನಿನ ಗುದೈಬಿಯಾದ ನಮ್ಮ ಈ ಹಳೆಯ ಫ್ಲಾಟಿನಲ್ಲಿ ಪ್ರತಿ ವರ್ಷ ಇದೇ ಮಾತು ನಡೆಯುತ್ತದೆ. ಹಾಕುವವಳು ನಾನೇ. ಬೇಕೆಂದೇ ಹಾಕುತ್ತೇನೆ. ಆ ವಾಸನೆ ಬಂದಾಗಲೆಲ್ಲ ಅಕ್ಕ ನೆನಪಾಗುತ್ತಾಳೆ; ಅಕ್ಕನ ಜೊತೆಗೆ ನನ್ನ ಸಿಟ್ಟೂ ಹೊಸದಾಗುತ್ತದೆ. ಕೆಲವು ಸಿಟ್ಟುಗಳು ಆರಿಹೋಗಬಾರದು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಕುವೈತ್ ಯುದ್ಧದ ಚಳಿಗಾಲದಲ್ಲಿ, ಟುಬ್ಲಿಯ ಗ್ಯಾರೇಜುಗಳ ಹಿಂದೆ ಇದ್ದ ಒಂದು ಲೇಬರ್ ಕ್ಯಾಂಪಿನಲ್ಲಿ ಸಿಕ್ಕಿದವಳು. ಯುದ್ಧದ ಭಯಕ್ಕೆ ಕಂಪೆನಿಯ ಕೆಲಸಗಾರರೆಲ್ಲ ಊರಿಗೆ ಹೋಗಿ ಕ್ಯಾಂಪು ಖಾಲಿಯಾಗಿತ್ತು. ಅದರ ಮಾಲೀಕನನ್ನು ಕಾಡಿ ಬೇಡಿ ಚರ್ಚಿನ ಸಿಸ್ಟರೊಬ್ಬರು ಅಲ್ಲಿನ ಕ್ಯಾಬಿನ್‌ಗಳಲ್ಲಿ ಹೆಂಗಸರಿಗೆ ಜಾಗ ಮಾಡಿದ್ದರು. ಯಜಮಾನರು ದೇಶ ಬಿಟ್ಟು ಓಡುವಾಗ ಹಿಂದೆ ಉಳಿದವರು, ಆ ಗಡಿಬಿಡಿಯಲ್ಲಿ ಕಿಟಕಿ ಹಾರಿ ತಪ್ಪಿಸಿಕೊಂಡವರು, ವರ್ಷಗಟ್ಟಲೆ ಮನೆಯ ಗೇಟಿನಾಚೆ ಕಾಲಿಡದವರು... ನಮ್ಮ ಕರಾವಳಿಯವರು, ಕೇರಳದವರು, ಸಿಂಹಳದವರು, ಫಿಲಿಪ್ಪೀನಿನವರು. ನಾನಾಗ ಕ್ಲಿನಿಕ್ ಒಂದರಲ್ಲಿ ನರ್ಸ್. ಇನ್ನೂ ಮದುವೆಯಾಗಿರಲಿಲ್ಲ. ಡ್ಯೂಟಿ ಮುಗಿಸಿ ಔಷಧಿಯ ಚೀಲ ಹಿಡಿದು ಟ್ಯಾಕ್ಸಿಯಲ್ಲಿ ಅಲ್ಲಿಗೆ ಹೋಗುತ್ತಿದ್ದೆ.

ನಮ್ಮ ಕಡೆಯವರು ಇಲ್ಲಿ ಕಟ್ಟಿಕೊಂಡಿದ್ದ ಸಂಘದ ಕಾಗದಪತ್ರಗಳಲ್ಲಿ ಈ ಹೆಂಗಸರನ್ನು 'ಸಂತ್ರಸ್ತ ಮನೆಗೆಲಸದವರು' ಎಂದು ಬರೆಯುತ್ತಿದ್ದರು. ಅಕ್ಕನಿಗೆ ಅದು ಆಗುತ್ತಿರಲಿಲ್ಲ. "ಕೆಲಸದವಳಿಗೆ ಸಂಬಳ ಉಂಟು, ಬೇಡ ಅಂತ ಆದ್ರೆ ಬಿಟ್ಟು ಹೋಗ್ಲಿಕ್ಕೆ ಬಾಗಿಲು ಉಂಟು. ನಮಗೆ ಎಂತ ಇತ್ತು? ಜೀತ ಅಂತ ಬರೀರಿ," ಎನ್ನುತ್ತಿದ್ದಳು. ಹಾಗೆ ಯಾರೂ ಬರೆಯಲಿಲ್ಲ.

ಅವಳು ಕಾರ್ಕಳದ ಹತ್ತಿರದವಳು. ಗಂಡ ಸತ್ತ ಮೇಲೆ ನಾಲ್ಕು ವರ್ಷದ ಮಗಳನ್ನು ನಾದಿನಿಯ ಮಡಿಲಿಗೆ ಹಾಕಿ ಬಹರೈನಿಗೆ ಬಂದಿದ್ದಳು. ಕರೆತಂದದ್ದು ಯಾವ ಏಜೆಂಟೂ ಅಲ್ಲ, ಯಾವ ಅರಬನೂ ಅಲ್ಲ. ನಮ್ಮದೇ ಜಿಲ್ಲೆಯ, ನಮ್ಮದೇ ಭಾಷೆ ಆಡುವ, ಸಂಘದ ಪ್ರತಿ ಕಾರ್ಯಕ್ರಮದಲ್ಲೂ ಮುಂದಿನ ಸಾಲಿನಲ್ಲಿ ಕೂರುವ ಒಬ್ಬ ಹೆಂಗಸು. ಎಲ್ಲರೂ ಆಕೆಯನ್ನು 'ಮೇಡಂ' ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ, ಆದರೆ ಆಕೆಗೆ ಬಹುವಚನ ಬರೆಯಲು ಇವತ್ತಿಗೂ ನನ್ನ ಕೈ ಬರುವುದಿಲ್ಲ. "ಎರಡೇ ವರ್ಷ, ಮತ್ತೆ ನಾನೇ ಕಳಿಸಿಕೊಡ್ತೇನೆ," ಎಂದು ಮೇಡಂ ಮಾತು ಕೊಟ್ಟಿದ್ದಳಂತೆ. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಪಾಸ್‌ಪೋರ್ಟ್ ಆಕೆಯ ವ್ಯಾನಿಟಿ ಬ್ಯಾಗು ಸೇರಿತು. ಎರಡು ವರ್ಷ ಎಂಟಾಯಿತು. ವಾಷಿಂಗ್ ಮೆಷಿನ್ ಇಟ್ಟಿದ್ದ ಸ್ಟೋರ್ ರೂಮೇ ಅಕ್ಕನ ಮಲಗುವ ಕೋಣೆ. ಫೋನಿನ ಡಯಲ್ಲಿಗೊಂದು ಪುಟ್ಟ ಬೀಗ. ಒಮ್ಮೆ ಇಸ್ತ್ರಿ ಹಾಕುವಾಗ ಕಾಂಜೀವರಂ ಸೀರೆಯ ಅಂಚು ಸುಟ್ಟಿತೆಂದು, ಅದೇ ಇಸ್ತ್ರಿಪೆಟ್ಟಿಗೆಯನ್ನು ಮೇಡಂ ಅವಳ ತೋಳಿಗೆ ಒತ್ತಿದ್ದಳು. ಆ ಗಾಯದ ಕಲೆಯನ್ನು ನಾನು ಕ್ಯಾಂಪಿನಲ್ಲಿ ಕಣ್ಣಾರೆ ಕಂಡೆ. ನರ್ಸಾದವಳಿಗೆ ಸುಟ್ಟ ಗಾಯ ಹೊಸದಲ್ಲ. ಆದರೆ ಇಸ್ತ್ರಿಪೆಟ್ಟಿಗೆಯ ಮೂತಿ ಹಾಗೇ ಮೂಡಿದ ಗಾಯ ನೋಡಿದ್ದು ಅದೊಂದೇ.

ಯುದ್ಧ ಶುರುವಾಗುವ ಮುಂಚೆ ಮೇಡಂ, ಆಕೆಯ ಗಂಡ, ಮಗ ಕೊನೆಯ ವಿಮಾನಗಳಲ್ಲೊಂದರಲ್ಲಿ ಬೊಂಬಾಯಿಗೆ ಹಾರಿದರು. ಹೋಗುವಾಗ ಅಕ್ಕನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದರು. ಮನೆ ಕಾಯಲು ಯಾರಾದರೂ ಬೇಕಿತ್ತಲ್ಲ. ಅಕ್ಕಿ, ಬೇಳೆ ಇತ್ತು. ಎಲ್ಲ ಕಿಟಕಿಗಳಿಗೂ ಕಬ್ಬಿಣದ ಸರಳು. ಸೈರನ್ ಕೂಗಿದಾಗಲೆಲ್ಲ ಅಕ್ಕ ಒದ್ದೆ ಟವೆಲನ್ನು ಮುಖಕ್ಕೆ ಒತ್ತಿಕೊಂಡು ವಾಷಿಂಗ್ ಮೆಷಿನ್ನಿನ ಮಗ್ಗುಲಲ್ಲಿ ಕೂರುತ್ತಿದ್ದಳು. ಗ್ಯಾಸ್ ಸಿಲಿಂಡರ್ ಮುಗಿದ ಮೇಲೆ ನೆನೆಸಿದ ಅಕ್ಕಿ ತಿಂದಳು. ಕೊನೆಗೆ ಸ್ಟೀಲಿನ ತಟ್ಟೆ ಹಿಡಿದು ಅಡುಗೆಮನೆಯ ಸರಳುಗಳಿಗೆ ಬಡಿಯತೊಡಗಿದಳು.

ಪಕ್ಕದ ಮನೆಯ ಮಹಡಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕಲು ಬಂದ ಮುದುಕ ಹಾಜಿಯೊಬ್ಬರಿಗೆ ಅದು ಕೇಳಿಸಿತು. ಅವರು ಇಲ್ಲಿಯವರೇ, ಬಹರೈನಿ. ಯಾರನ್ನೂ ಕೇಳುತ್ತಾ ಕೂರಲಿಲ್ಲ. ಟುಬ್ಲಿಯ ಒಂದು ಗ್ಯಾರೇಜಿನಿಂದ ವೆಲ್ಡಿಂಗಿನವನನ್ನು ಕರೆತಂದು ಬೀಗ ಕತ್ತರಿಸಿ ತೆಗೆಸಿದರು. "ಯಲ್ಲಾ, ಬಿಂತಿ," ಬಾ ಮಗಳೇ ಎಂದು ಕರೆದು, ತಮ್ಮದೇ ಕಾರಿನಲ್ಲಿ ಕೂರಿಸಿ ಸಿಸ್ಟರ ಬಳಿಗೆ ತಂದುಬಿಟ್ಟರು. "ಎಂಟು ವರ್ಷದಲ್ಲಿ ನನ್ನನ್ನು ಮಗಳೇ ಅಂತ ಕರೆದದ್ದು ಅವರೊಬ್ಬರೇ ಬಾಯಮ್ಮ," ಎಂದು ಅಕ್ಕ ಹೇಳುತ್ತಿದ್ದಳು. ನಾನು ಅವಳಿಗಿಂತ ಎಷ್ಟೋ ಚಿಕ್ಕವಳು. ಆದರೆ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನನ್ನನ್ನು ಅವಳು ಬಾಯಮ್ಮ ಎಂದೇ ಕರೆಯುತ್ತಿದ್ದಳು.

ಬಂದ ಎರಡೇ ದಿನಕ್ಕೆ ಕ್ಯಾಂಪಿನ ಅಡುಗೆಮನೆ ಅವಳ ಕೈಗೆ ಬಂತು. ಸಹಾಯ ಎಂಬುದು ಆಗ ಮೂಟೆಗಟ್ಟಲೆ ಬರುತ್ತಿತ್ತು. ಯಾರದೋ ಮದುವೆಯ ಕೋಟು, ಒಂಟಿ ಹೈ ಹೀಲ್ಡ್ ಚಪ್ಪಲಿ, ಮಕ್ಕಳ ಈಜುಡುಗೆ, ಅವಧಿ ಮುಗಿದ ಹಾಲಿನಪುಡಿ. ಅಕ್ಕಿ ತಂದವರು ಮೊದಲು ಫೋಟೋ ತೆಗೆಯುತ್ತಿದ್ದರು, ಆಮೇಲೆ ಮೂಟೆ ಇಳಿಸುತ್ತಿದ್ದರು. ಊಟದ ಹೊತ್ತಿಗೆ ಕ್ಯಾಮೆರಾ ತೆಗೆದ ಒಬ್ಬ ಮಹಾಶಯನಿಗೆ ಅಕ್ಕ ತಟ್ಟೆಯೊಂದನ್ನು ಚಾಚಿ, "ತಿನ್ನುವಾಗ ಫೋಟೋ ತೆಗೀಬೇಕಾದ್ರೆ ನೀವೂ ಇಲ್ಲಿ ಕೆಳಗೆ ಕೂತು ತಿನ್ನಿ," ಎಂದಿದ್ದಳು. ಆತ ಕ್ಯಾಮೆರಾ ಒಳಗಿಟ್ಟ.

ವಿಷಗಾಳಿಯ ಭಯ ಎಲ್ಲರಿಗೂ ಇತ್ತು. ಮುಖವಾಡಗಳು ಎಲ್ಲರಿಗೆ ಸಾಕಾಗುವಷ್ಟು ಇರಲಿಲ್ಲ. ಆದ್ದರಿಂದ ಒಂದು ದೊಡ್ಡ ಕ್ಯಾಬಿನ್ನಿನ ಕಿಟಕಿಗಳಿಗೆ ಪ್ಲಾಸ್ಟಿಕ್ ಹೊದಿಸಿ, ಸಂದಿಗಳಿಗೆಲ್ಲ ಟೇಪು ಅಂಟಿಸಿ ಸಿದ್ಧ ಮಾಡಿದ್ದೆವು. ಸೈರನ್ ಆದರೆ ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಮೊದಲ ಸಂಜೆಯೇ ಸಿಂಹಳದ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತು ಕಿರುಚತೊಡಗಿದಳು. ಅವಳನ್ನೂ ಯಾರೋ ತಿಂಗಳುಗಟ್ಟಲೆ ಕೂಡಿಹಾಕಿದ್ದರು. ಮುಚ್ಚುವ ಬಾಗಿಲು ಕಂಡರೆ ಅವಳ ಕೈಕಾಲು ಮರಗಟ್ಟುತ್ತಿತ್ತು. ಎಳೆದು ಒಳಗೆ ಹಾಕಬೇಕೆಂದು ನಾವು ನೋಡಿದೆವು. ಅಕ್ಕ ನಮ್ಮ ಕೈ ಬಿಡಿಸಿದಳು. ಉಳಿದವರನ್ನು ಒಳಗೆ ಕಳಿಸಿ ಬಾಗಿಲು ಹಾಕಿಸಿದಳು. ತಾನು ಹೊರಗೆ ಮೆಟ್ಟಿಲ ಮೇಲೆ ಆ ಹುಡುಗಿಯ ಕೈ ಹಿಡಿದು ಕೂತಳು. "ಗ್ಯಾಸ್ ಬಂದ್ರೆ ಬರ್ಲಿ," ಎಂದಳು. ಸೈರನ್ ನಿಲ್ಲುವವರೆಗೂ ಹಾಗೇ ಕೂತಿದ್ದರು, ಅಷ್ಟೇ ಅಲ್ಲ, ಮುಂದಿನ ಸೈರನ್‌ಗಳಿಗೂ ಅವರ ಜಾಗ ಅದೇ ಆಯಿತು.

ಅಕ್ಕ ಮೆತ್ತನೆಯ ಹೆಂಗಸಾಗಿದ್ದಳು ಎಂದು ಇದರಿಂದ ಯಾರೂ ತಿಳಿಯಬಾರದು. ಅವಳೊಳಗೆ ಒಂದು ಕೆಂಡ ಇತ್ತು. ಸೊಪ್ಪು ಹೆಚ್ಚುವಾಗ, ಪಾತ್ರೆ ತಿಕ್ಕುವಾಗ ಅದನ್ನು ಊದಿ ಊದಿ ಜೀವಂತ ಇಟ್ಟುಕೊಳ್ಳುತ್ತಿದ್ದಳು. ಕುವೈತಿನಲ್ಲಿ ಎಣ್ಣೆಬಾವಿಗಳು ಉರಿದು ನಮ್ಮ ಆಕಾಶವೂ ಕಪ್ಪಾದ ದಿನಗಳವು. ಒಣಹಾಕಿದ ಬಟ್ಟೆಯ ಮೇಲೆ ಮಸಿ ಬೀಳುತ್ತಿತ್ತು. ಒಂದು ಮಧ್ಯಾಹ್ನ ಆ ಮಸಿ ಕೊಡವುತ್ತಾ ಅವಳು ಕೇಳಿದ್ದು ನೆನಪಿದೆ. "ಬಾಯಮ್ಮ, ಅವರು ಹೋದ ಊರಲ್ಲಿ ಬಾಂಬ್ ಬೀಳುದಿಲ್ವಾ?" ಬೊಂಬಾಯಿಯಲ್ಲಿ ಯುದ್ಧ ಇಲ್ಲ ಎಂದೆ. "ಹಾಗಾದ್ರೆ ಬರ್ತಾಳೆ. ಬರ್ಲಿ," ಎಂದಳು.

ಯುದ್ಧ ನಿಂತಿತು. ವಿಮಾನಗಳು ಶುರುವಾದವು. ಸಿಸ್ಟರು ಓಡಾಡಿ ಹೆಂಗಸರಿಗೆಲ್ಲ ಎಂಬೆಸಿಯಿಂದ ಔಟ್‌ಪಾಸ್ ಮಾಡಿಸತೊಡಗಿದರು. ಪಾಸ್‌ಪೋರ್ಟ್ ಇಲ್ಲದವರು ಒಂದು ಸಲ ಊರು ಸೇರಲು ಅದು ಸಾಕು. ಅಷ್ಟರಲ್ಲಿ ಒಂದು ದಿನ ಕ್ಯಾಂಪಿಗೆ ವ್ಯಾನೊಂದು ಬಂತು. ಡ್ರೈವರ್ ಇಳಿಸಿದ್ದು ಕಂಬಳಿಗಳು, ಒಳ್ಳೆಯ ದಪ್ಪ ಕಂಬಳಿಗಳು. ಕಟ್ಟು ಬಿಚ್ಚುತ್ತಲೇ ನುಸಿಗುಳಿಗೆಯ ವಾಸನೆ ಅಂಗಳಕ್ಕೆಲ್ಲ ತುಂಬಿತು. ಅಡುಗೆಮನೆಯಿಂದ ಬಂದ ಅಕ್ಕ ಕಂಬಳಿಯೊಂದನ್ನು ಎತ್ತಿ ಅದರ ಮಡಿಕೆ ನೋಡಿದಳು. ಮೂಸಿದಳು. ಮುಖದ ಬಣ್ಣ ಇಳಿಯಿತು.

"ಇದು ನಾನೇ ಮಡಚಿ ಇಟ್ಟದ್ದು. ಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ನಡುವೆ ಇಡುದು ನಾನು. ಅವಳು ಬಂದಿದ್ದಾಳೆ," ಎಂದಳು.

ಬಂದಿದ್ದಳು. ಅಷ್ಟೇ ಅಲ್ಲ, ಬಂದವಳೇ ಕೆಲಸದವಳು ಓಡಿಹೋಗಿದ್ದಾಳೆಂದು ಪೊಲೀಸರಲ್ಲಿ ದೂರು ಕೊಟ್ಟಿದ್ದಳು. ಅದು ಸಿಸ್ಟರ ಕಿವಿಗೆ ಬಿದ್ದು ಅವರು ಗಾಬರಿಯಾದರು. ಓಡಿಹೋದವಳೆಂದು ಹೆಸರು ಬಿದ್ದರೆ ಹಿಡಿದು ಜೈಲಿಗೆ ಹಾಕಬಹುದು, ಅಕ್ಕನ ಔಟ್‌ಪಾಸ್ ತಯಾರಿದೆ, ವಾರದೊಳಗೆ ವಿಮಾನ ಹತ್ತಿಸೋಣ ಎಂದರು. ಅಕ್ಕ ತನ್ನ ಸೀಟನ್ನು ಆ ಸಿಂಹಳದ ಹುಡುಗಿಗೆ ಕೊಡಿ ಎಂದಳು. ಅವಳ ಊರು ಬೇರೆ, ವಿಮಾನ ಬೇರೆ ಎಂದು ನಾವು ವಿವರಿಸಿದರೆ, "ಹಾಗಾದ್ರೆ ಯಾರಿಗಾದ್ರೂ ಕೊಡಿ. ನಾನು ಓಡಿ ಹೋದವಳಲ್ಲ. ನನ್ನ ಪಾಸ್‌ಪೋರ್ಟ್ ಅವಳ ಕೈಯಿಂದಲೇ ಬರ್ಬೇಕು," ಎಂದು ಪಟ್ಟು ಹಿಡಿದಳು.

ಕ್ಯಾಂಪು ಮುಚ್ಚುವ ಮುಂಚೆ ಸಂಘದವರು ಅಲ್ಲಿಯೇ ಒಂದು ಬೀಳ್ಕೊಡುಗೆ ಕಾರ್ಯಕ್ರಮ ಇಟ್ಟುಕೊಂಡರು. ಊರಿಗೆ ಹೋಗುವ ಹೆಂಗಸರಿಗೆ ಸೀರೆ ಹಂಚುವುದು, ಕಂಬಳಿ ಕೊಟ್ಟ ಮಹಾದಾನಿಗೆ ಸನ್ಮಾನ ಮಾಡುವುದು. ಮುಖ್ಯ ಅತಿಥಿ ಯಾರೆಂದು ಅಕ್ಕನಿಗೆ ಹೇಳಿದವಳು ನಾನೇ. ಅವಳು ಅಳಲಿಲ್ಲ, ಬೈಯಲಿಲ್ಲ. ಅಕ್ಕಿ ಆರಿಸುತ್ತಾ, "ಮತ್ತೆ ಯಾರೆಲ್ಲ ಬರ್ತಾರೆ?" ಎಂದು ಕೇಳಿದಳು. ಅಧ್ಯಕ್ಷರು, ಖಜಾಂಚಿ ಮತ್ತು ಅವರ ಹೆಂಡತಿ, ಡಾಕ್ಟರರ ಹೆಂಡತಿ... ನಾನು ಹೇಳುತ್ತಾ ಹೋದೆ. ಒಬ್ಬೊಬ್ಬರಿಗೂ ಅವಳು ತಲೆ ಆಡಿಸಿದಳು. ಇವರೆಲ್ಲ ಮೇಡಂ ಮನೆಯಲ್ಲಿ ಊಟ ಮಾಡಿದವರು. ಅಕ್ಕ ಮಾಡಿದ ಅಡುಗೆಯನ್ನು ಅಕ್ಕನ ಕೈಯಿಂದಲೇ ಬಡಿಸಿಕೊಂಡವರು. ಆದರೆ ಅವಳ ಮುಖವನ್ನು ಒಬ್ಬರಾದರೂ ತಲೆ ಎತ್ತಿ ನೋಡಿದವರಲ್ಲ.

ಆ ಶುಕ್ರವಾರ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೈಕು, ಕುರ್ಚಿಗಳು, ಹಣ್ಣಿನ ಬುಟ್ಟಿ. ಮೇಡಂಗೆ ಶಾಲು ಹೊದಿಸಿ, ಹಾರ ಹಾಕಿ, "ಯುದ್ಧದ ಕಾಲದಲ್ಲಿ ದಿಕ್ಕಿಲ್ಲದ ಹೆಂಗಸರಿಗೆ ತಾಯಿಯಾದವರು," ಎಂದು ಅಧ್ಯಕ್ಷರು ಹೊಗಳಿದರು. ಚಪ್ಪಾಳೆ ಬಿತ್ತು. ಆಮೇಲೆ ಸೀರೆ ಹಂಚುವುದು. ಸಾಲಿನಲ್ಲಿ ಬಂದ ಅಕ್ಕ ವೇದಿಕೆ ಹತ್ತಿದಳು. ಸೀರೆ ಚಾಚಿದ ಮೇಡಂ ತಲೆ ಎತ್ತಿ ನೋಡಿದಳು. ಅವಳ ಮುಖದ ನಗು ಹಾಗೇ ಒಣಗಿದ್ದನ್ನು ನಾನು ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ಈಗ ನೆನೆದರೂ ಮೈ ತಣ್ಣಗಾಗುತ್ತದೆ, ಸಂತೋಷದಿಂದ.

ಅಕ್ಕ ಸೀರೆ ಮುಟ್ಟಲಿಲ್ಲ. ಮೈಕಿನ ಹತ್ತಿರ ಸರಿದು, "ಅಮ್ಮ, ನನ್ನ ಪಾಸ್‌ಪೋರ್ಟ್ ಕೊಡಿ," ಎಂದಳು.

ಮೇಡಂ ಅಧ್ಯಕ್ಷರ ಕಡೆ ತಿರುಗಿ, "ಯಾರಿದು? ಪಾಪ, ತಲೆ ಸರಿ ಇಲ್ಲ ಅಂತ ಕಾಣ್ತದೆ," ಎಂದಳು. ಒಂದಿಬ್ಬರು ನಕ್ಕರು ಕೂಡ. ಅಕ್ಕ ತೋಳು ಮೇಲೆತ್ತಿ ಕಲೆ ತೋರಿಸುತ್ತಾಳೆ, ಬೀಗದ ವಿಷಯ ಹೇಳುತ್ತಾಳೆ ಎಂದು ನಾನು ಕಾದೆ. ಅವಳು ಅದೊಂದನ್ನೂ ಮಾಡಲಿಲ್ಲ. ಅಧ್ಯಕ್ಷರನ್ನೇ ನೋಡಿದಳು.

"ಗೊತ್ತಿಲ್ವಾ ನಾನು? ಪ್ರೆಸಿಡೆಂಟರೇ, ನೀವು ಇವರ ಮನೆಯಲ್ಲಿ ಊಟ ಮಾಡಿ ಹೋದ ಮೇಲೆ ನಿಮ್ಮ ತಟ್ಟೆಯನ್ನು ಬೇರೆ ತೊಳೆದು ಬೇರೆ ಇಡ್ಲಿಕ್ಕೆ ಹೇಳ್ತಿದ್ರು. ನಿಮ್ಮ ಜಾತಿ ಎಂತದು ಅಂತ ಇವರಿಗೆ ಗೊತ್ತುಂಟಂತೆ. ಆ ತಟ್ಟೆ ತೊಳೆದವಳು ನಾನು."

ಯಾರೋ ಮೈಕು ಬಂದ್ ಮಾಡಲು ಎದ್ದರು. ಅಧ್ಯಕ್ಷರೇ ಕೈ ಅಡ್ಡ ಹಿಡಿದು ತಡೆದರು. ಅವರ ಮುಖ ಕೆಂಪಾಗಿತ್ತು. ಅಕ್ಕ ಮುಂದುವರಿದಳು. ಖಜಾಂಚಿಯ ಹೆಂಡತಿಗೆ, "ನಿಮ್ಮ ಬಳೆ ಎಲ್ಲ ರೋಲ್ಡ್ ಗೋಲ್ಡ್ ಅಂತೆ. ಗಂಡನ ಸಾಲ ತೀರ್ಲಿಕ್ಕೆ ಚಿನ್ನ ಎಲ್ಲ ಹೋಯ್ತಂತೆ," ಎಂದಳು. ಡಾಕ್ಟರರ ಹೆಂಡತಿಯ ಕಡೆ ತಿರುಗುವಾಗ ಅವಳ ದನಿ ಸಣ್ಣದಾಯಿತು. ಆದರೂ ನಿಲ್ಲಲಿಲ್ಲ. "ನಿಮಗೆ ಮಕ್ಕಳಾಗ್ಲಿಲ್ಲ ಅಂತ ನೀವು ಅತ್ತು ಹೋದ ದಿನ, ಬಾಗಿಲು ಹಾಕಿ ಇವರು ನಿಮ್ಮ ಹಾಗೆ ಅತ್ತು ತೋರ್ಸಿ ನಗಾಡಿದ್ರು." ಹೀಗೆ ಇನ್ನೂ ಕೆಲವರಿಗೆ... ಎಂಟು ವರ್ಷ ಟ್ರೇ ಹಿಡಿದು ನಿಂತವಳಿಗೆ ಕೇಳಿಸದ್ದು ಏನಿತ್ತು? ಪ್ರತಿಯೊಂದಾದ ಮೇಲೂ ಮೇಡಂ ಕಡೆ ತಿರುಗಿ, ಏರಿಸದ ದನಿಯಲ್ಲಿ ಅದೇ ಮಾತು. "ಅಮ್ಮ, ನನ್ನ ಪಾಸ್‌ಪೋರ್ಟ್ ಕೊಡಿ."

"ಸುಳ್ಳು! ಇವಳು ಹೇಳುದೆಲ್ಲ ಸುಳ್ಳು! ನನ್ನ ಮನೆಯಲ್ಲಿ ಅನ್ನ ತಿಂದು..." ಎಂದು ಮೇಡಂ ಕಿರುಚಿದಳು. ಅಲ್ಲಿಗೆ ಮುಗಿಯಿತು. ಗೊತ್ತೇ ಇಲ್ಲ ಎಂದವಳ ಬಾಯಿಂದಲೇ ಅದು ಬಂದಿತ್ತು.

ಡಾಕ್ಟರರ ಹೆಂಡತಿ ಮುಖ ಮುಚ್ಚಿಕೊಂಡು ಮೊದಲು ಎದ್ದುಹೋದರು. ಹಿಂದೆಯೇ ಉಳಿದವರು. ಕಾರುಗಳು ಒಂದೊಂದಾಗಿ ಹೊರಟವು. ಶಾಲು ಹೊದ್ದ ಮೇಡಂ ಖಾಲಿ ಕುರ್ಚಿಗಳ ಎದುರು ನಿಂತಿದ್ದಳು. ಕೆಳಗೆ ಕ್ಯಾಂಪಿನ ಹೆಂಗಸರು ಮಾತ್ರ ಕದಲದೆ ಕೂತು ಅವಳನ್ನೇ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಡ್ರೈವರ್ ಲಕೋಟೆಯಲ್ಲಿ ಪಾಸ್‌ಪೋರ್ಟ್ ತಂದುಕೊಟ್ಟ. ಪೊಲೀಸ್ ದೂರನ್ನು ಮೇಡಂನ ಗಂಡ ತಾವೇ ಹೋಗಿ ಹಿಂತೆಗೆದುಕೊಂಡರು.

ಸಿಸ್ಟರಿಗೆ ಬೇಸರವಾಗಿತ್ತು. ಕ್ಷಮಿಸಿಬಿಡಬೇಕಿತ್ತು, ಹಗೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ ಎಂದು ಅಕ್ಕನನ್ನು ಕೂರಿಸಿ ಹೇಳಿದರು. ಅಕ್ಕ ಎಲ್ಲ ಕೇಳಿ, "ನೀವೇ ಕ್ಷಮಿಸಿ ಸಿಸ್ಟರ್. ನಿಮಗೆ ಅಭ್ಯಾಸ ಉಂಟು," ಎಂದಳು. ಮನಸ್ಸಿಗೆ ಸಮಾಧಾನ ಇಲ್ಲ ಎಂಬುದೂ ಸುಳ್ಳು. ಆ ವಾರವಿಡೀ ಅಕ್ಕ ಹೊಟ್ಟೆ ತುಂಬ ಉಂಡು ಚೆನ್ನಾಗಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದೇನೆ.

ನನಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. ಊರಿಗೆ ಹೋಗುವ ದಿನ ಅವಳ ಚೀಲ ಕಟ್ಟಿಕೊಡುತ್ತಾ ಕೇಳಿಯೇಬಿಟ್ಟೆ. "ಅಕ್ಕಾ, ಕೂಡಿಹಾಕಿದ್ದು, ಸುಟ್ಟದ್ದು, ಅದನ್ನೆಲ್ಲ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ಎಂತ ಆಗ್ತಿತ್ತು? ಅಯ್ಯೋ ಪಾಪ ಅಂತ ಇನ್ನೊಂದು ಸೀರೆ ಕೊಡ್ತಿದ್ರು. ನನ್ನನ್ನು ಸುಟ್ಟದ್ದಕ್ಕೆ ಇವರಿಗೆ ಉರಿಯುದಿಲ್ಲ ಬಾಯಮ್ಮ. ಇವರನ್ನು ಸುಟ್ರೆ ಮಾತ್ರ ಉರಿಯುದು." ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಅದರಲ್ಲಿ ಅರ್ಧ ನಾನೇ ಹುಟ್ಟಿಸಿ ಹೇಳಿದ್ದು. ಬಳೆಯದ್ದು ಸುಳ್ಳು."

ನಾನು ದಂಗಾದೆ. "ಮಕ್ಕಳಿಲ್ಲದವರದ್ದು?"

"ಅದು ನಿಜ. ಅಂಥದ್ದನ್ನು ಹುಟ್ಟಿಸ್ಲಿಕ್ಕೆ ನನಗೆ ಬರುದಿಲ್ಲ."

ಅವಳ ಲೆಕ್ಕಾಚಾರ ಸರಿಯಾಗಿತ್ತು. ಚರ್ಚಿನ ಅಂಗಳದಲ್ಲಿ, ಸಂಘದ ಊಟಗಳಲ್ಲಿ ಜನ ತಿಂಗಳುಗಟ್ಟಲೆ ಮಾತಾಡಿದ್ದು ತಟ್ಟೆಯ ವಿಷಯ, ಬಳೆಯ ವಿಷಯ. ಒಬ್ಬಳು ಹೆಂಗಸನ್ನು ಯುದ್ಧದ ಬಾಯಲ್ಲಿ ಬೀಗ ಹಾಕಿ ಬಿಟ್ಟುಹೋದದ್ದನ್ನು ಯಾರೂ ಎತ್ತಲಿಲ್ಲ. ಆದರೆ ಮೇಡಂ ಮನೆಗೆ ಊಟಕ್ಕೆ ಹೋಗುವವರು ಇಲ್ಲವಾದರು. ಕರೆದರೂ ಹೋಗಲಿಲ್ಲ. ವರ್ಷ ಕಳೆಯುವುದರೊಳಗೆ ಆ ಸಂಸಾರ ಗಂಟುಮೂಟೆ ಕಟ್ಟಿ ಮಂಗಳೂರಿಗೆ ಹೋಯಿತು. ಏರ್‌ಪೋರ್ಟಿಗೆ ಬೀಳ್ಕೊಡಲು ಒಬ್ಬರೂ ಹೋಗಿರಲಿಲ್ಲವೆಂದು ಕೇಳಿ, ಅವತ್ತು ನಾನು ಡ್ಯೂಟಿಯಲ್ಲಿದ್ದವರಿಗೆಲ್ಲ ಸಿಹಿ ತರಿಸಿಕೊಟ್ಟೆ. ಯಾಕೆಂದು ಕೇಳಿದವರಿಗೆ ನನ್ನ ಹುಟ್ಟುಹಬ್ಬ ಎಂದೆ.

ಕೆಲವು ವರ್ಷಗಳ ಮೇಲೆ ರಜೆಗೆ ಹೋದಾಗ ಅಕ್ಕನ ಮನೆ ಹುಡುಕಿಕೊಂಡು ಹೋಗಿದ್ದೆ. ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಬೆರಳುಗಳು ಗೇರೆಣ್ಣೆಗೆ ಕಪ್ಪಾಗಿದ್ದವು. ಚಹಾ ತಂದಿಟ್ಟದ್ದು ಅವಳ ಮಗಳು, ಎತ್ತರದ ಚೆಂದದ ಹುಡುಗಿ. ಒಳಗೆ ಹೋಗಿ ನಾದಿನಿಯನ್ನು 'ಅಮ್ಮಾ' ಎಂದು ಕರೆದು ಏನೋ ಕೇಳಿದಳು. ಹೊರಗೆ ಬಂದು ಅಕ್ಕನಿಗೆ, "ನಿಮಗೆ ಸಕ್ಕರೆ ಹಾಕುದಾ?" ಎಂದಳು. ನೀವು, ನಿಮಗೆ... ಹೊರಗಿನವರೊಡನೆ ಮಾತಾಡುವ ಹಾಗೆ.

ಮಗಳು ಒಳಗೆ ಹೋದ ಮೇಲೆ ಅಕ್ಕ ಚಹಾದ ಲೋಟವನ್ನೇ ನೋಡುತ್ತಾ, "ಇದೊಂದನ್ನು ತೀರಿಸ್ಲಿಕ್ಕೆ ಆಗ್ಲಿಲ್ಲ ಬಾಯಮ್ಮ. ಇದಕ್ಕೆ ಯಾವ ಮೈಕಿನಲ್ಲಿ ಎಂತ ಹೇಳುದು?" ಎಂದಳು. ನಾನು ಹತ್ತಿರ ಸರಿದೆ. ಅವಳ ಕೈ ಹಿಡಿದುಕೊಂಡು ಕೂತೆ, ಅಷ್ಟೇ. ಆಮೇಲೆ ಫೋನಿನಲ್ಲಿ ಆಗಾಗ ಮಾತಾಡುತ್ತಿದ್ದೆವು. ಒಮ್ಮೆ ಕರೆ ಮಾಡಿದಾಗ ಎತ್ತಿದ್ದು ಮಗಳು. "ಅವರು ತೀರಿಕೊಂಡು ಹದಿನೈದು ದಿನ ಆಯ್ತು," ಎಂದಳು. ಸತ್ತ ಮೇಲೂ 'ಅವರು' ಎಂದೇ.

ನಿನ್ನೆ ಸಂಘದ ಸಭಾಂಗಣದಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇತ್ತು. ಮೇಡಂ ಮಂಗಳೂರಿನಲ್ಲಿ ತೀರಿಕೊಂಡಳಂತೆ, ತುಂಬು ವಯಸ್ಸಿನಲ್ಲಿ, ಮಗ ಮೊಮ್ಮಕ್ಕಳ ನಡುವೆ. ಆ ಮಗ ಈಗ ಇಲ್ಲಿ ದೊಡ್ಡ ಉದ್ಯಮಿ, ಸಂಘದ ಪೋಷಕ. ಹಳಬರಲ್ಲಿ ಉಳಿದಿರುವವರು ನಾನು ಮತ್ತು ಇನ್ನು ಯಾರೋ ಒಂದಿಬ್ಬರು. ಹೊಸಬರಿಗೆ ಏನೂ ಗೊತ್ತಿಲ್ಲ. ಗೋಡೆಯ ಮೇಲೆ ದೊಡ್ಡ ಫೋಟೋ, ಅದಕ್ಕೆ ಗಂಧದ ಹಾರ. ಯುದ್ಧದ ದಿನಗಳಲ್ಲಿ ಅನಾಥ ಹೆಂಗಸರಿಗೆ ಹೊದಿಕೆ ಕೊಟ್ಟ ಮಹಾತಾಯಿ ಎಂದು ಒಬ್ಬ ಹುಡುಗ ಕಾಗದ ನೋಡಿ ಓದಿದ. ನಾನು ಅಲ್ಲಿಗೆ ಯಾಕೆ ಹೋದೆನೋ... ಸತ್ತದ್ದು ನಿಜವೇ ಎಂದು ಕಣ್ಣಾರೆ ನೋಡಲು ಇರಬೇಕು.

ಎಲ್ಲರೂ ಎದ್ದು ಮೌನ ಆಚರಿಸಬೇಕೆಂದು ಕೇಳಿಕೊಂಡರು. ಕುರ್ಚಿಗಳ ಸದ್ದಾಗಿ ಸಭೆಯೆಲ್ಲ ಎದ್ದು ನಿಂತಿತು. ಅಕ್ಕ ಸತ್ತಾಗ ಅವಳಿಗಾಗಿ ಇಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಅವಳ ಒಂದು ಫೋಟೋ ಕೂಡ ನನ್ನಲ್ಲಿ ಇಲ್ಲ. ಈ ಸುದ್ದಿ ಕೇಳಿದರೆ ಅವಳು ಏನನ್ನುತ್ತಿದ್ದಳೋ ಎಂದು ಯೋಚಿಸಿದೆ. ಆ ದನಿ ಕಿವಿಗೆ ಸರಿಯಾಗಿ ಸಿಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಹುಡುಗಿ ಬಗ್ಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಆಂಟಿ, ಕಾಲು ನೋವಾ? ಹಿಡ್ಕೊಳ್ಬೇಕಾ?"

"ಇಲ್ಲ ಮಗಾ, ಕಾಲು ಚೆನ್ನಾಗಿಯೇ ಉಂಟು," ಎಂದೆ. ಏಳಲಿಲ್ಲ.